ತುಘಲಕನ ಪಾಪಕ್ಕೆ ನೆಹರೂ ಯುಗವೇಕೆ ಹೊಣೆ?

ಗಿರೀಶ ಕಾರ್ನಾಡರ ‘ತುಘಲಕ್’ ಬಗ್ಗೆ ಯಾರೇ ಬರೆಯಲಿ, ಎರಡನೆಯ ಪ್ಯಾರಾಕ್ಕೆ ನೆಹರೂ ಬಂದೇ ಬರುತ್ತಾರೆ. ಆದರ್ಶ ಹೊತ್ತು ಹೊರಟ ದೊರೆ, ಅವನ ಎತ್ತರಕ್ಕೆ ಏರಲಾರದ ಜನ, ಕೊನೆಗೆ ಭ್ರಮನಿರಸನ. ನಾಟಕ 1964ರದ್ದು, ನೆಹರೂ ತೀರಿಕೊಂಡದ್ದೂ ಅದೇ ವರ್ಷ. ನಮ್ಮ ವಿಮರ್ಶೆಗೆ ಅಷ್ಟು ಸಾಕಾಯಿತು. ಈ ಓದಿಗೆ ಆಧಾರವಾಗಿ ಎಲ್ಲರೂ ತೋರಿಸುವುದು ಇಂಗ್ಲಿಷ್ ಅನುವಾದಕ್ಕೆ ಅನಂತಮೂರ್ತಿಯವರು ಬರೆದ ಮುನ್ನುಡಿಯನ್ನು. ಆದರೆ ನಾಟಕ ಬರಿಯ ರಾಜಕೀಯ ರೂಪಕವಲ್ಲ, ತುಘಲಕನ ವ್ಯಕ್ತಿತ್ವದ ಒಗಟು ಅದರಾಚೆಗೂ ಉಳಿಯುತ್ತದೆ ಎಂದು ಅದೇ ಮುನ್ನುಡಿಯಲ್ಲಿ ಅವರು ಎಚ್ಚರಿಸಿದ್ದರು. ನವ್ಯದ ಹಿಂಬಾಲಕರು ಮೊದಲ ಮಾತನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಕೈಬಿಟ್ಟರು.

ಈ ಓದಿನಲ್ಲಿ ಕೊಲೆಗಳು ಕಾಣೆಯಾಗುತ್ತವೆ. ನನ್ನ ಸಿಟ್ಟಿಗೆ ಕಾರಣ ಅದೇ. ತುಘಲಕ ಸೋತ ಆದರ್ಶವಾದಿಯಾಗುವ ಮೊದಲು ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿ ಪಟ್ಟಕ್ಕೆ ಬಂದವನು. ರಾಜಧಾನಿಯನ್ನು ದೌಲತಾಬಾದಿಗೆ ಒಯ್ದದ್ದೂ ತಾಮ್ರದ ನಾಣ್ಯ ತಂದದ್ದೂ ಆಮೇಲಿನ ಮಾತು. ತಂದೆ, ತಮ್ಮನ ಆ ಸಾವು ನಮಾಜಿನ ಹೊತ್ತಿಗೆ ನಡೆಯಿತೆಂಬ ಮಾತು ನಾಟಕದ ಉದ್ದಕ್ಕೂ ಅವನ ಬೆನ್ನು ಬಿಡುವುದಿಲ್ಲ. ಅಮೀರರು ಅವನನ್ನು ಮುಗಿಸಲು ಆರಿಸಿಕೊಳ್ಳುವುದೂ ನಮಾಜಿನ ಗಳಿಗೆಯನ್ನೇ. ಸಂಚು ಬಯಲಾದ ಮೇಲೆ ಅದರಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ಅವನು ಸ್ವತಃ ಇರಿಯುತ್ತಾನೆ, ಒಂದು ಸಲಕ್ಕೆ ನಿಲ್ಲಿಸದೆ ಮತ್ತೆ ಮತ್ತೆ ಇರಿಯುತ್ತಾನೆ. ಆಮೇಲೆ ರಾಜ್ಯದಲ್ಲಿ ಪ್ರಾರ್ಥನೆಯೇ ನಿಷಿದ್ಧ. ಇದನ್ನು ಆಡಳಿತದ ಎಡವಟ್ಟು ಎಂದು ಓದುವವರಿಗೆ ನಾಟಕದ ಕಿವಿಯೇ ಇಲ್ಲ. ದೇವರ ಮುಂದೆ ನಿಲ್ಲಲಾರದವನು ಇಡೀ ರಾಜ್ಯವನ್ನೇ ದೇವರ ಕಣ್ಣಿಂದ ಮರೆಮಾಡಲು ಹೊರಟಿದ್ದಾನೆ. ರಾಜನನ್ನು ಕೊಂದ ಮ್ಯಾಕ್‌ಬೆತ್‌ಗೆ ‘ಆಮೆನ್’ ಎನ್ನಲು ಗಂಟಲು ಕಟ್ಟಿತು. ತುಘಲಕ ಊರಿನ ಗಂಟಲನ್ನೆಲ್ಲ ಕಟ್ಟಿಸಿದ. ಮ್ಯಾಕ್‌ಬೆತ್ ನಮಗೆ ಹೊಸಬನೇನಲ್ಲ, ಹತ್ತೊಂಬತ್ತನೆಯ ಶತಮಾನದಲ್ಲೇ ಶ್ರೀಕಂಠೇಶಗೌಡರು ಅವನನ್ನು ‘ಪ್ರತಾಪರುದ್ರದೇವ’ನಾಗಿಸಿ ಕನ್ನಡಕ್ಕೆ ತಂದಿದ್ದರು. ಅವನ ಪಾಪವನ್ನು ಸ್ಕಾಟ್ಲೆಂಡಿನ ಭ್ರಮನಿರಸನ ಎಂದು ನಾವು ಯಾರೂ ಕರೆಯಲಿಲ್ಲವಲ್ಲ!

ನನ್ನ ಪಕ್ಷ ಯಾವುದೆಂದು ಮುಚ್ಚಿಡುವುದಿಲ್ಲ. ನಾನು ತುಘಲಕನ ಮಲತಾಯಿಯ ಕಡೆಯವನು. ವಿಮರ್ಶಕರು ಅವಳಿಗೆ ಕೊಡುವುದು ಹೆಚ್ಚೆಂದರೆ ಒಂದು ಸಾಲು. ನಾಟಕದ ನೈತಿಕ ಭಾರವೆಲ್ಲ ಬಿದ್ದಿರುವುದು ಅವಳ ಮೇಲೆ. ಸುಲ್ತಾನನ ಸಲಹೆಗಾರ ನಜೀಬನನ್ನು ಕೊಲ್ಲಿಸಿದವಳು ತಾನೇ ಎಂದು ಅವಳು ಒಪ್ಪಿಕೊಳ್ಳುತ್ತಾಳೆ, ತಂದೆಯನ್ನೋ ತಮ್ಮನನ್ನೋ ಕೊಲ್ಲುವುದಕ್ಕಿಂತ ಇದು ಸುಲಭವಾಗಿತ್ತು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಆ ಏಟಿಗೆ ಸುಲ್ತಾನ ಬಾಯಿಬಿಡುತ್ತಾನೆ. ಹೌದು, ಕೊಂದೆ, ಆದರ್ಶಕ್ಕಾಗಿ ಕೊಂದೆ. ಹೆತ್ತ ತಾಯಿ ತನ್ನೊಡನೆ ಮಾತು ಬಿಟ್ಟಿದ್ದಾಳೆ, ಸತ್ತವರ ಮುಖ ಕಂಡೀತೆಂದು ಕನ್ನಡಿ ನೋಡಲೂ ಭಯ ಎನ್ನುತ್ತಾನೆ. ಪಶ್ಚಾತ್ತಾಪ ಬಾಗಿಲಿಗೆ ಬಂದು ನಿಂತ ಗಳಿಗೆ ಇದು. ಆಗ ಅವನು ಮಾಡುವುದೇನು? ಅವಳನ್ನು ಎಲ್ಲರೆದುರು ಕಲ್ಲು ಹೊಡೆದು ಕೊಲ್ಲಿಸಲು ಆಜ್ಞೆ ಕೊಡುತ್ತಾನೆ. ಅವಳನ್ನು ಎಳೆದೊಯ್ದ ಮೇಲೆ ಮೊಣಕಾಲೂರಿ, ತಾನೇ ನಿಷೇಧಿಸಿದ ಪ್ರಾರ್ಥನೆಗೆ ತೊಡಗುತ್ತಾನೆ. ಉರುಹೊಡೆದ ಪದಗಳು ಬರುತ್ತವೆ, ಎದೆಯೊಳಗೆ ಮಾರ್ದನಿ ಇಲ್ಲ. ಆಧುನಿಕ ಕನ್ನಡ ರಂಗಭೂಮಿಯಲ್ಲಿ ಇದಕ್ಕೆ ಸರಿಸಾಟಿಯಾದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ.

ಇದರ ಪಕ್ಕದಲ್ಲಿ ಕೊನೆಯ ದೃಶ್ಯವನ್ನಿಡಿ. ಅಗಸನಾಗಿದ್ದ ಅಜೀಜ ವಂಚಕ, ಖಲೀಫನ ವಂಶದವನನ್ನು ಕೊಂದು ಅವನ ವೇಷದಲ್ಲಿ ಬಂದವನು. ಸಿಕ್ಕಿಬಿದ್ದಾಗ ತಾನು ಸುಲ್ತಾನನ ನಿಜವಾದ ಶಿಷ್ಯ ಎನ್ನುತ್ತಾನೆ. ತುಘಲಕ ಅವನಿಗೆ ಕ್ಷಮೆಯನ್ನೂ ಕೊಡುತ್ತಾನೆ, ದಖ್ಖನಿನಲ್ಲಿ ಹುದ್ದೆಯನ್ನೂ ಕೊಡುತ್ತಾನೆ. ತನ್ನ ಉಳಿವಿಗಾಗಿ ಕೈ ಕೊಳೆ ಮಾಡಿಕೊಂಡವಳಿಗೆ ಕಲ್ಲು, ತನ್ನ ನಕಲಿಗೆ ಅಧಿಕಾರ! ಇತಿಹಾಸದಲ್ಲಿ ಹೆಸರು ಉಳಿಯಬೇಕೆಂಬ ಹಂಬಲ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಕಾರ್ನಾಡರು ಇಲ್ಲಿ ಬಿಡಿಸಿ ತೋರಿಸಿದ್ದಾರೆ. ಜನರ ಅಯೋಗ್ಯತೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಿದ್ದರೂ ನಾವು ಭ್ರಮನಿರಸನವನ್ನೇ ಮೆಚ್ಚಿದೆವು. ಅದು ಓದುವವನಿಗೂ ಅನುಕೂಲ: ತಾನೂ ಆದರ್ಶವಾದಿ, ಕಾಲ ಕೆಟ್ಟದ್ದು. ಬುದ್ಧಿವಂತ ನಾಯಕನ ಒಳಗುದಿಯನ್ನು ಸವಿಯುವ ಅಭಿರುಚಿಯನ್ನು ನವ್ಯ ನಮಗೆ ಕಲಿಸಿತು, ಅವನ ಕೈಯಲ್ಲಿ ಸತ್ತವರ ಲೆಕ್ಕ ಕೇಳುವುದನ್ನು ಕಲಿಸಲಿಲ್ಲ. ಇದು ಕನ್ನಡದ ಹಳೆಯ ಚಾಳಿ ಎಂದು ಯಾರಾದರೂ ರನ್ನನನ್ನು ಸಾಕ್ಷಿಗೆ ಕರೆದರೆ ನಾನು ಒಪ್ಪುವುದಿಲ್ಲ. ರನ್ನ ತನ್ನ ಗದಾಯುದ್ಧ ಕಾವ್ಯದಲ್ಲಿ ದುರ್ಯೋಧನನಿಗೆ ಘನತೆ ಕೊಟ್ಟ, ನಿಜ. ಅದಕ್ಕೂ ಮೊದಲು ಅವನನ್ನು ಹೆಣಗಳ ನಡುವೆ ಕಾಲ್ನಡಿಗೆಯಲ್ಲಿ ನಡೆಸಿದ. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿದ. ಬಿ.ಎಂ.ಶ್ರೀ. ಆ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಡೆದು ತೆಗೆದಾಗಲೂ ಆ ನಡಿಗೆಯ ಬೆಲೆ ಬಲ್ಲವರಾಗಿದ್ದರು. ತುಘಲಕ ಕನ್ನಡಿಯನ್ನು ತಪ್ಪಿಸಿಕೊಂಡು ಓಡಾಡುತ್ತಾನೆ. ಅವನ ಜೊತೆ ಅರವತ್ತು ವರ್ಷ ನಮ್ಮ ವಿಮರ್ಶೆಯೂ ಅದನ್ನು ತಪ್ಪಿಸಿಕೊಂಡೇ ಬಂದಿದೆ.