‘ದ್ವೀಪ’ವೂ ಅನೂಪದೇಶದ ವಿದ್ಯೆಯೂ

ದ್ವೀಪವೆಂದರೆ ಎರಡು ಕಡೆಗಳಲ್ಲಿ ನೀರುಳ್ಳ ನೆಲವೆಂಬುದು ಶಬ್ದದ ಅವಯವಾರ್ಥವು. ಜಲವಾಚಕವಾದ ‘ಅಪ್’ ಶಬ್ದದ ಅಕಾರಕ್ಕೆ ಈಕಾರವನ್ನು ವಿಧಿಸುವ ಸೂತ್ರವು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿದೆ. ದ್ವೀಪ, ಅಂತರೀಪ, ಸಮೀಪ ಎಂಬ ರೂಪಗಳು ಸಿದ್ಧಿಸುವುದು ಆ ಒಂದೇ ಸೂತ್ರದಿಂದ. ಅದರ ಮುಂದಿನ ಸೂತ್ರವಾದರೋ, ದೇಶವೆಂಬ ಅರ್ಥದಲ್ಲಿ ‘ಅನು’ವಿನ ಮುಂದೆ ಊಕಾರವನ್ನು ವಿಧಿಸಿ ‘ಅನೂಪ’ವೆಂಬ ಶಬ್ದವನ್ನು ಸಾಧಿಸುತ್ತದೆ. ನೀರನ್ನು ಅನುಸರಿಸಿಕೊಂಡಿರುವ ನಾಡು ಅನೂಪವು. ವೈದ್ಯಶಾಸ್ತ್ರಕಾರರು ಜಾಂಗಲದೇಶಕ್ಕೆ ಪ್ರತಿಯಾಗಿ ಹೇಳುವ ಜಲಸಮೃದ್ಧವಾದ ದೇಶವೂ ಇದೇ. ನೀರು ಸುತ್ತುವರಿದ ನೆಲಕ್ಕೂ ನೀರನ್ನು ಅನುಸರಿಸುವ ನೆಲಕ್ಕೂ ಇರುವ ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ, ಶಿವಮೊಗ್ಗೆಯ ಸೀಮೆಯಿಂದ ಹುಟ್ಟಿಬಂದ ಒಂದು ಕಾದಂಬರಿಯ ಅರ್ಥವು ಇದುವರೆಗೆ ಕಂಡುದಕ್ಕಿಂತ ವಿಶದವಾಗುವುದು.

ಆ ಕಾದಂಬರಿಯು ನಾ. ಡಿಸೋಜರ ‘ದ್ವೀಪ’. ಗ್ರಂಥಕರ್ತರು 1937ರಲ್ಲಿ ಸಾಗರದಲ್ಲಿ ಜನಿಸಿ, ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಶರಾವತಿಯ ಕಾಮಗಾರಿಗಳನ್ನು ಸಮೀಪದಿಂದ ಕಂಡವರು. 2014ರ ಮಡಿಕೇರಿಯ ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದು, 2025ರಲ್ಲಿ ದಿವಂಗತರಾದರು. ಗಿರೀಶ ಕಾಸರವಳ್ಳಿಯವರು ಈ ಕಥೆಯನ್ನು ಚಲನಚಿತ್ರವಾಗಿಸಿದರು. ಆ ಚಿತ್ರಕ್ಕೆ ಸ್ವರ್ಣಕಮಲವು ದೊರೆಯಿತು. ಕಥಾವಸ್ತುವು ವಿದಿತವಾದುದೇ. ಅಣೆಕಟ್ಟಿನ ನೀರು ಮಳೆಗಾಲದಲ್ಲಿ ಏರುತ್ತಿದೆ, ಊರು ತೆರವಾಗುತ್ತಿದೆ, ಗಣಪಯ್ಯ, ನಾಗವೇಣಿಯರ ಮನೆಯೊಂದು ಗುಡ್ಡದ ಮೇಲೆ ಉಳಿದು ನಾಲ್ಕು ದಿಕ್ಕುಗಳಿಂದಲೂ ನೀರಿಗೆ ಸಿಕ್ಕಿಕೊಳ್ಳುತ್ತದೆ, ಹೊರಗಿನಿಂದ ನೆರವಿಗೆ ಬಂದವನೊಬ್ಬನ ನಿಮಿತ್ತವಾಗಿ ದಂಪತಿಗಳ ನಡುವೆ ಶಂಕೆಯು ತಲೆದೋರುತ್ತದೆ.

ಇದನ್ನು ಓದುವ ಕ್ರಮವೊಂದು ರೂಢಿಯಲ್ಲಿದೆ. ಅದರಂತೆ ಕಥೆಯ ಪ್ರಾಣವು ದಾಂಪತ್ಯದ ಶಂಕೆ, ಏರುವ ನೀರು ಆ ಶಂಕೆಯ ಪ್ರತೀಕ, ಮಳೆಯು ಉದ್ದೀಪನವಿಭಾವ. ದಂಪತಿಗಳ ಮನಸ್ಸುಗಳೇ ಎರಡು ದ್ವೀಪಗಳಾದುವೆಂಬುದು ಈ ಪಕ್ಷದವರ ಇಷ್ಟವಾದ ಉಕ್ತಿ. ತರಗತಿಗಳಲ್ಲಿ ಈ ವ್ಯಾಖ್ಯಾನವು ಸುಲಭವಾಗಿ ನಿಲ್ಲುವುದೇನೋ ದಿಟ. ಆದರೆ ನೀರು ಉದ್ದೀಪನಮಾತ್ರವಾಗಿದ್ದರೆ ಅದರ ಸ್ಥಾನದಲ್ಲಿ ಕಾಳ್ಗಿಚ್ಚನ್ನೋ ಕ್ಷಾಮವನ್ನೋ ಇರಿಸಿದರೂ ಕಥೆಯು ನಡೆಯಬೇಕಾಗಿತ್ತು. ಅದು ನಡೆಯದು. ಇಲ್ಲಿ ಕರುಣಕ್ಕೆ ಆಲಂಬನವು ದಂಪತಿಗಳಷ್ಟೇ ಅಲ್ಲ, ಅವರು ನಿಂತಿರುವ ನೆಲವೂ ಅಹುದು. ಅನೂಪವಾಗಿದ್ದ ನೆಲವು ಒಂದು ಮಳೆಗಾಲದಲ್ಲಿ ದ್ವೀಪವಾಗಿ ಮಾರ್ಪಟ್ಟುದೇ ಕಥೆಯ ಮುಖ್ಯವಾದ ವ್ಯಾಪಾರವು. ಶಂಕೆಯು ಅದರ ಫಲಗಳಲ್ಲಿ ಒಂದು. ನೆರೆಹೊರೆಯಿಲ್ಲದ ಕಡೆಯಲ್ಲಿ ಮನುಷ್ಯನಿಗೆ ಉಳಿಯುವುದು ಅನುಮಾನವೊಂದೇ ಅಲ್ಲವೆ?

ಆ ಅನೂಪದ ಸ್ವರೂಪವಾದರೂ ಎಂತಹುದು? ಸಾಗರ, ಹೊಸನಗರಗಳ ಕಣಿವೆಗಳಲ್ಲಿ ನೆಲವು ಮೇಲಿನಿಂದ ಕೆಳಗೆ ಹೆಸರುಹೆಸರಾಗಿ ಇಳಿಯುತ್ತದೆ. ನೆತ್ತಿಯಲ್ಲಿ ಕಾನು, ಅದನ್ನು ಕಡಿಯುವಂತಿಲ್ಲ, ಅದರೊಳಗಿನ ಮೆಣಸನ್ನು ಕೊಯ್ಯಬಹುದು. ಅದರ ಕೆಳಗೆ ಸೊಪ್ಪಿನಬೆಟ್ಟ. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ಅಡಕೆಯ ತೋಟಕ್ಕೆ ಇಳಿಯುತ್ತದೆ. ದನ ಮೇಯಲು ಬ್ಯಾಣ. ಮಳೆಯನ್ನೇ ನಂಬಿದ ಮಕ್ಕಿಗದ್ದೆ. ಕಣಿವೆಯ ತಂಪಿನಲ್ಲಿ ಬಸಿಗಾಲುವೆಗಳುಳ್ಳ ತೋಟ. ಅದರ ಆಚೆಗೆ ಬಯಲುಗದ್ದೆ, ಕೆರೆ, ಹೊಳೆ. ಮೇಲಿನದು ಕೆಟ್ಟರೆ ಕೆಳಗಿನದು ಬಾಳದು. ಬೇಸಿಗೆಯಲ್ಲಿ ನೀರು ಇಳಿದಾಗ ಊರವರು ಕೂಡಿ ಕೂಣಿಗಳನ್ನು ಹಿಡಿದು ಕೆರೆಗಿಳಿಯುವ ಕೆರೆಬೇಟೆಯೂ ಈ ಕ್ರಮದ ಒಂದು ಅಂಗವೇ. ಕಾಲವಲ್ಲದ ಕಾಲದಲ್ಲಿ ಮೀನನ್ನು ಹಿಡಿಯಬಾರದೆಂಬ ಕಟ್ಟು ಆ ಹಬ್ಬದೊಳಗೆ ಅಡಗಿದೆ. 1964ರಲ್ಲಿ ಮುಗಿದು 151 ಟಿ.ಎಂ.ಸಿ. ಅಡಿಗಳಷ್ಟು ನೀರನ್ನು ಹಿಡಿಯುವ ಅಣೆಕಟ್ಟಿಗೆ ಲಿಂಗನಮಕ್ಕಿಯೆಂದು ಹೆಸರು. ಮಕ್ಕಿಯೆಂಬುದು ಗದ್ದೆಯ ಹೆಸರೆಂಬುದನ್ನು ಇಂದು ಎಷ್ಟು ಮಂದಿ ವಿದ್ಯಾರ್ಥಿಗಳು ಬಲ್ಲರು?

ಈ ಕ್ರಮವು ಮಲೆನಾಡಿನ ಜಾಣ್ಮೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ಪೂರ್ವಿಕರು ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ, ಬಹುಮಟ್ಟಿಗೆ ಹಳ್ಳದ ಜಾಡನ್ನು ಹಿಡಿದು, ನೆಲವನ್ನು ಸೀಳುಸೀಳಾಗಿ ವಿಭಾಗಿಸಿದ್ದರು. ಅಂತಹ ವಿಭಾಗಕ್ಕೆ ‘ಅಹುಪುವಾ’ ಎಂದೂ, ಅದರ ನೀರನ್ನೂ ಮೀನನ್ನೂ ಕಾಯುವ ಅಧಿಕಾರಿಗೆ ‘ಕೊನೊಹಿಕಿ’ ಎಂದೂ ಹೆಸರು. ಮೇಲೆ ಮರಗಳು, ನಡುವೆ ನೀರು ಹರಿಯುವ ಮಡಿಗಳಲ್ಲಿ ‘ಕಲೊ’, ಅಂದರೆ ಮಲೆನಾಡಿನವರು ಆಷಾಢದಲ್ಲಿ ಪತ್ರೊಡೆ ಮಾಡುವ ಕೆಸುವೇ, ತೀರದಲ್ಲಿ ಕಲ್ಲಿನ ಗೋಡೆಗಳುಳ್ಳ ಮೀನುಕೊಳ. ಆ ಭಾಷೆಯಲ್ಲಿ ನೀರಿಗೆ ‘ವೈ’, ಸಂಪತ್ತಿಗೆ ‘ವೈವೈ’. ಅಮರಕೋಶದಲ್ಲಿ ಜೀವನ, ಭುವನ, ವನವೆಂಬವು ನೀರಿನ ಹೆಸರುಗಳ ಸಾಲಿನಲ್ಲಿಯೇ ಬರುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೀಗಿರಲು ಹವಾಯಿಯು ಭೂಗೋಳದಲ್ಲಿ ದ್ವೀಪವಾದರೂ ಬಾಳಿನಲ್ಲಿ ಅನೂಪವಾಗಿತ್ತು. ಶರಾವತಿಯ ಕಣಿವೆಯು ಭೂಗೋಳದಲ್ಲಿ ಅನೂಪವಾಗಿದ್ದು ಬಾಳಿನಲ್ಲಿ ದ್ವೀಪವಾಯಿತು.

ಎರಡೂ ಕಡೆಗಳಲ್ಲಿ ನೀರು ಬೇರೆಡೆಯ ಪ್ರಯೋಜನಕ್ಕೆ ತಿರುಗಿತು. ಓವಾಹು ದ್ವೀಪದ ವೈಯಾಹೊಲೆಯ ಕಾಲುವೆಯು 1916ರಲ್ಲಿ ಮುಗಿದು, ಒಂದು ಮಗ್ಗುಲಿನ ಹಳ್ಳಗಳ ನೀರನ್ನು ಇನ್ನೊಂದು ಮಗ್ಗುಲಿನ ಕಬ್ಬಿನ ತೋಟಗಳಿಗೆ ಒಯ್ದಿತು. ಮೈಸೂರು ಸೀಮೆಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿ ಕಾಡಿನ ಮರದ ಇದ್ದಿಲಿನಿಂದ ಕುಲುಮೆಗಳನ್ನು ಉರಿಸಿತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಎದ್ದು, ಜೋಗದಲ್ಲಿ ವಿದ್ಯುತ್ತು ಹುಟ್ಟಿದ ಮೇಲೆ, 1952ರಲ್ಲಿ ಅದೇ ಕಾರ್ಖಾನೆಯಲ್ಲಿ ವಿದ್ಯುತ್ತಿನ ಕುಲುಮೆಗಳು ನೆಲೆಗೊಂಡುವು. ಬಳಿಕ ಲಿಂಗನಮಕ್ಕಿಯ ನೀರು ಹಿರೇಭಾಸ್ಕರವನ್ನೇ ಮುಳುಗಿಸಿತು. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಉದ್ಯಮವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಭದ್ರಾವತಿಯಲ್ಲಿ ಕುಳಿತು ‘ದ್ವೀಪ’ವನ್ನು ಓದುವವನು ದೂರದ ಕಥೆಯೊಂದನ್ನು ಓದುತ್ತಿಲ್ಲ; ತನ್ನ ಊರಿನ ಬೆಳಕಿಗೆ ತೆತ್ತ ಬೆಲೆಯನ್ನು ಓದುತ್ತಿರುವನು.

ಇಲ್ಲಿ ಒಂದು ಬಲವಾದ ಆಕ್ಷೇಪವು ಏಳುವುದು. ಮುಳುಗಿದ ಆ ಹಳೆಯ ಕ್ರಮವು ಗೇಣಿಯ ಕ್ರಮವೂ ಆಗಿತ್ತು. ನೆಲದ ವಿದ್ಯೆಯನ್ನು ಬಲ್ಲ ಕೈಗಳಿಗೆ ನೆಲವೇ ಇರಲಿಲ್ಲ. ಆದಕಾರಣ ಅದಕ್ಕಾಗಿ ಮರುಗುವುದು ಒಡೆಯರ ಮರುಕವಷ್ಟೆ ಎಂದು. ಆಕ್ಷೇಪವು ಯುಕ್ತವೇ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹವನ್ನು ಹೂಡಿದುದು, ಭತ್ತವನ್ನು ಅಳೆಯುವ ಕೊಳಗದ ಅನ್ಯಾಯದ ವಿರುದ್ಧವಾಗಿಯೂ ಅಹುದು. ಹವಾಯಿಯಲ್ಲಿಯೂ ಅರಸುಗಳಿದ್ದರು, ಆಳುಗಳಿದ್ದರು. 1848ರ ‘ಮಾಹೆಲೆ’ ಎಂಬ ಭೂವಿಭಾಗವು ನೆಲವನ್ನು ಖಾಸಗಿ ಸ್ವತ್ತಾಗಿಸಿದಾಗ ಉತ್ತವರಲ್ಲಿ ಬಹುಮಂದಿ ಬರಿಗೈಯಾದರು. ಆದರೆ ಈ ಆಕ್ಷೇಪದಿಂದ ಸಿದ್ಧವಾಗುವುದು ವಿದ್ಯೆಯು ಹುಸಿಯೆಂದಲ್ಲ, ವಿದ್ಯೆಯುಳ್ಳವರಿಗೆ ಮಾನ್ಯತೆಯು ಸಲ್ಲಲಿಲ್ಲವೆಂದು. ಪರಿಹಾರಧನವು ಒಡೆತನವನ್ನು ಅನುಸರಿಸುವುದರಿಂದ, ಯಾವ ಗದ್ದೆಗೆ ಯಾವ ಭತ್ತವೆಂಬುದನ್ನು ಬಲ್ಲ ಗೇಣಿದಾರನ ತಿಳಿವಳಿಕೆಗೆ ಲೆಕ್ಕದ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ನಾಗವೇಣಿಯ ಪಾತ್ರವನ್ನು ನೋಡಬೇಕಾದುದು ಈ ಬೆಳಕಿನಲ್ಲಿ. ಚಲನಚಿತ್ರದಲ್ಲಿ ಅವಳ ದುಡಿಮೆಯಿಂದಲೇ ಮನೆಯು ಉಳಿಯುತ್ತದೆ; ಉಳಿದ ಮೇಲೆ ಪತಿಯು ಅದನ್ನು ದೈವದ ಕೃಪೆಯೆಂದು ಎಣಿಸುತ್ತಾನೆ. ಗೇಣಿದಾರನಿಗೆ ಒಡೆಯನು ಮಾಡಿದುದನ್ನೇ ಮನೆಯೊಳಗೆ ಪತಿಯು ಪತ್ನಿಗೆ ಮಾಡಿದನೆಂಬುದನ್ನು ಕಾಣದ ವಿಮರ್ಶೆಯು ಅರ್ಧವಿಮರ್ಶೆಯು. ಇನ್ನು ಕಾದಂಬರಿಯ ನ್ಯೂನತೆಯನ್ನೂ ಹೇಳದೆ ಬಿಡಲಾಗದು. ಅದು ಉಳಿದ ಮನೆಯೊಡನೆ ನಿಲ್ಲುತ್ತದೆ, ಊರನ್ನು ಬಿಟ್ಟವರೊಡನೆ ಹೋಗುವುದಿಲ್ಲ. ಹೋದವರಲ್ಲಿ ಎಷ್ಟೋ ಮಂದಿ ಶಿವಮೊಗ್ಗ, ಭದ್ರಾವತಿ ಮೊದಲಾದ ತಾಲ್ಲೂಕುಗಳ ಕಾಡಿನ ಅಂಚಿನಲ್ಲಿ ನೆಲೆಗೊಂಡರು. ಅವರ ಭೂಮಿಯ ಹಕ್ಕಿನ ಪ್ರಶ್ನೆಯು ದಶಕಗಳವರೆಗೆ ಇತ್ಯರ್ಥವಾಗಲಿಲ್ಲ. ನೀರಿಲ್ಲದೆಯೂ ದ್ವೀಪವಾಗಬಹುದೆಂಬುದಕ್ಕೆ ಅವರ ಕೇರಿಗಳೇ ನಿದರ್ಶನ. ಆ ಎರಡನೆಯ ದ್ವೀಪವನ್ನು ಕೃತಿಯು ಒಳಗೊಂಡಿದ್ದರೆ ಅದರ ಕರುಣವು ಇನ್ನಷ್ಟು ವಿಸ್ತಾರವನ್ನು ಪಡೆಯುತ್ತಿತ್ತು.

ಕಥೆಯ ದ್ವೀಪವು ಕಥೆಯಲ್ಲಿಯೇ ಉಳಿಯಲಿಲ್ಲ. ತುಮರಿ ಮೊದಲಾದ ಹಳ್ಳಿಗಳು ಹಿನ್ನೀರಿನ ಆಚೆಗೆ ಸಿಕ್ಕಿ, ಅಲ್ಲಿಯವರು ತಮ್ಮ ಪೇಟೆಗೂ ಆಸ್ಪತ್ರೆಗೂ ಲಾಂಚಿನ ಹೊತ್ತನ್ನು ಕಾಯುತ್ತ ದಶಕಗಳನ್ನು ಕಳೆದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಣ ಸೇತುವೆಯು ತೆರೆಯಿತು. ದ್ವೀಪವು ಸಮೀಪವಾಯಿತು, ಒಂದೇ ಸೂತ್ರದ ಎರಡು ರೂಪಗಳು ಕೂಡಿದುವು. ಇದು ಸಂತೋಷದ ವಿಷಯವೇ ಸರಿ. ಆದರೆ ಸಮೀಪವಾದುದೆಲ್ಲವೂ ಅನೂಪವಾಗದು. ಸೇತುವೆಯ ಮೇಲೆ ಅಂಬುಲೆನ್ಸು ಬರುವಂತೆ ನೆಲವನ್ನು ಕೊಳ್ಳುವವರೂ ಬರುವರು. ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವೂ ಬಂದು ವಿವಾದಕ್ಕೆ ಎಡೆಗೊಟ್ಟಿದೆ. ಇಂತಹ ಸಮಯದಲ್ಲಿ ಊರವರ ಕೈಯಲ್ಲಿ ಉಳಿದಿರುವುದು ಏನೆಂಬುದೇ ಪ್ರಶ್ನೆ.

ಹವಾಯಿಯವರು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದ್ದಾರೆ. ಓವಾಹುವಿನ ಹೇಎಇಯಾ ಎಂಬಲ್ಲಿ ಸುಮಾರು 800 ವರ್ಷಗಳ ಹಿಂದಿನ, 88 ಎಕರೆಗಳ ಮೀನುಕೊಳದ ಗೋಡೆಯು 1965ರ ಪ್ರವಾಹದಲ್ಲಿ ಒಡೆದಿತ್ತು. 2001ರಲ್ಲಿ ಸ್ಥಳೀಯರು ಒಂದು ಸಂಸ್ಥೆಯನ್ನು ಕಟ್ಟಿಕೊಂಡು, ಶಾಲೆಯ ಮಕ್ಕಳನ್ನೂ ಕೂಡಿಸಿಕೊಂಡು, ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಅದನ್ನು ಮತ್ತೆ ಕಟ್ಟಲು ಮೊದಲುಮಾಡಿದರು. ವೈಯಾಹೊಲೆಯ ನೀರಿನ ವ್ಯಾಜ್ಯದಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು 2000ದಲ್ಲಿ, ನೀರು ಸಾರ್ವಜನಿಕರ ನ್ಯಾಸವೆಂದು ಎತ್ತಿಹಿಡಿಯಿತು. ಕೈಕೆಲಸ, ಹೆಸರುಗಳ ನೆನಪು, ಕಾನೂನು ಈ ಮೂರೂ ಒಂದಾದಲ್ಲಿ ಹಳೆಯ ವಿದ್ಯೆಯು ಹೊಸ ಬಾಳಿಗೆ ಆಧಾರವಾಯಿತು. ಅವರು ಅರಸುಗಳನ್ನು ಮರಳಿ ಕರೆಯಲಿಲ್ಲ, ಕೊಳವನ್ನು ಮರಳಿ ಕಟ್ಟಿದರು.

ಈ ಮೂರರಲ್ಲಿ ಹೆಸರುಗಳ ನೆನಪು ಸಾಹಿತ್ಯದ ಅಧ್ಯಾಪಕರ ಪಾಲಿನದು. ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳಲ್ಲಿ, ಶಂಕರಘಟ್ಟದ ವಿಶ್ವವಿದ್ಯಾನಿಲಯದಲ್ಲಿ ‘ದ್ವೀಪ’ವನ್ನು ಬೋಧಿಸುವಾಗ ಶಂಕೆಯ ಮನೋವಿಶ್ಲೇಷಣೆಯೊಡನೆ ಕಾನು, ಬ್ಯಾಣ, ಮಕ್ಕಿ, ಕೂಣಿಗಳ ಪದಕೋಶವೊಂದನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುವುದು ಅಸಾಧ್ಯವೇನಲ್ಲ. ಮುಳುಗಡೆಯ ಮನೆತನಗಳಿಂದ ಬಂದ ವಿದ್ಯಾರ್ಥಿಗಳಿಗೆ ಆ ಶಬ್ದಗಳು ಅಜ್ಜಿಯರ ಬಾಯಿಂದ ದೊರೆಯಬಹುದು. ಯಾವ ಶಬ್ದವನ್ನು ಯಾರು ಹೇಳಿದರೆಂಬುದನ್ನೂ ಅಲ್ಲಿ ಬರೆದಿಡಬೇಕು. ಗೇಣಿದಾರನಿಗೂ ನಾಗವೇಣಿಗೂ ಸಲ್ಲದೆ ಹೋದ ಮಾನ್ಯತೆಯು ಅಷ್ಟರಮಟ್ಟಿಗೆ ಸಲ್ಲುವುದು. ಆ ಅಜ್ಜಿಯರು ಇರುವಷ್ಟು ಕಾಲ ಮಾತ್ರವೇ ಈ ಕೆಲಸಕ್ಕೆ ಅವಕಾಶವುಂಟು.