ಕೈತಪ್ಪಿದ ಓತಿ ಮತ್ತು ವಿಜ್ಞಾನದ ಸುದ್ದಿ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ನಾವು ಕಾಡಿನ ಕಥೆಯಾಗಿ, ವಿಕಾಸದ ಕಥೆಯಾಗಿ ಓದುತ್ತ ಬಂದಿದ್ದೇವೆ. ವಿಜ್ಞಾನವನ್ನು ಜನರಿಗೆ ಹೇಳುವುದು ಹೇಗೆ ಎಂಬ ಪ್ರಶ್ನೆಗೂ ಅದರಲ್ಲೊಂದು ಉತ್ತರವಿದೆ ಎಂದು ನನಗನ್ನಿಸುತ್ತದೆ.

ಹಾರುವ ಓತಿಯ ಜಾಡು ಹಿಡಿಯಲು ವಿಜ್ಞಾನಿ ಕರ್ವಾಲೊಗೆ ಮಂದಣ್ಣ ಬೇಕು. ಊರಿನವರಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಈ ಹಳ್ಳಿಗನಲ್ಲಿ ಅವರು ಹುಟ್ಟು ನಿಸರ್ಗ ಪರಿಶೀಲಕನನ್ನು ಕಾಣುತ್ತಾರೆ. ನಿರೂಪಕನಿಗೆ ಇದು ಮೊದಲು ನಂಬಲಾಗದ ಮಾತು. ಅವನ ಅನುಮಾನದ ಜೊತೆಗೇ ಓದುಗರಾದ ನಾವೂ ಕಾಡಿನೊಳಕ್ಕೆ ನಡೆಯುತ್ತೇವೆ. ಕೊನೆಗೆ ಓತಿ ಕಣಿವೆಯತ್ತ ತೇಲಿಹೋಗುತ್ತದೆ. ಆದರೂ ಮೋಸಹೋದೆವೆಂದು ನಮಗೆ ಅನ್ನಿಸುವುದಿಲ್ಲ. ಹುಡುಕಾಟವನ್ನು ಹೆಜ್ಜೆಹೆಜ್ಜೆಗೂ ಕಂಡಿದ್ದೇವಲ್ಲ!

ನಮ್ಮ ವಿಜ್ಞಾನದ ಸುದ್ದಿಗಳಲ್ಲಿ ಹೆಚ್ಚಾಗಿ ಕಾಣೆಯಾಗುವುದು ಈ ದಾರಿಯೇ. ‘ಸಂಶೋಧಕರು ಕಂಡುಹಿಡಿದಿದ್ದಾರೆ’ ಎಂಬಲ್ಲಿಗೆ ವರದಿ ಮುಗಿಯುತ್ತದೆ. ಇದರ ಬೆಲೆ ಏನೆಂಬುದು ಕೋವಿಡ್ ಕಾಲದಲ್ಲಿ ತಿಳಿಯಿತು. 2020ರ ಮೊದಲ ತಿಂಗಳುಗಳಲ್ಲಿ ಆರೋಗ್ಯವಂತರೆಲ್ಲ ಮಾಸ್ಕ್ ಧರಿಸಬೇಕಿಲ್ಲ ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಹರಡಿರುವ ಕಡೆ ಅಂತರ ಕಾಯಲಾಗದ ಜಾಗಗಳಲ್ಲಿ ಬಟ್ಟೆಯ ಮಾಸ್ಕ್ ಧರಿಸುವುದು ಒಳ್ಳೆಯದೆಂದು ಜೂನ್‌ನಲ್ಲಿ ಹೇಳಿತು. ಹೊಸ ತಿಳಿವು ಬಂದಂತೆ ಸಲಹೆ ಬದಲಾಗುವುದು ವಿಜ್ಞಾನಕ್ಕೆ ಸಹಜ. ಆದರೆ ತೀರ್ಮಾನವನ್ನಷ್ಟೇ ಕೇಳಿಸಿಕೊಂಡಿದ್ದವರಿಗೆ ಅದು ಮಾತು ತಪ್ಪಿದಂತೆ ಕಂಡಿತು.

ಕಾದಂಬರಿಗಿರುವ ಅವಕಾಶ ಅರ್ಧ ಕಾಲಂನ ವರದಿಗೆ ಇಲ್ಲ, ನಿಜ. ಆದರೂ ಮೂರು ವಾಕ್ಯಗಳಿಗೆ ಜಾಗ ಸಿಕ್ಕೀತು: ಇದು ಗೊತ್ತಾದದ್ದು ಹೇಗೆ, ಎಷ್ಟು ಜನರ ಮೇಲೆ ಅಥವಾ ಯಾವ ಪ್ರಾಣಿಯ ಮೇಲೆ ನೋಡಿದ್ದು, ಇನ್ನೂ ತಿಳಿಯದ್ದು ಏನು. ವಿಜ್ಞಾನಿ ಹೇಳಿದ ‘ಬಹುಶಃ’ ಎಂಬ ಪದವನ್ನು ಪತ್ರಕರ್ತ ಶೀರ್ಷಿಕೆಯಲ್ಲಿ ನುಂಗಬಾರದು. ವಿಜ್ಞಾನಿಯೂ ಆ ಪದವನ್ನು ಹೇಳಲು ನಾಚಬಾರದು.

ಅನುಮಾನವನ್ನು ಒಪ್ಪಿಕೊಂಡರೆ ಓದುಗರು ದೂರವಾಗುತ್ತಾರೆ ಎಂಬ ಭಯ ಹಲವರಿಗಿದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಆ ಭಯಕ್ಕೆ ಒಳ್ಳೆಯ ಮದ್ದು. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿ, ನಗುತ್ತ ನಗಿಸುತ್ತ ಗಿಡಗಳನ್ನು ಪರಿಚಯಿಸುವ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಓದುಗರು ಅದನ್ನು ಪಾಠವೆಂದು ಬದಿಗಿಡಲಿಲ್ಲ.

ಮಂದಣ್ಣನಂಥವರನ್ನು ಕೇಳುಗರೆಂದಷ್ಟೇ ಎಣಿಸದೆ, ನೋಡಬಲ್ಲವರೆಂದು ನಂಬಿ ಬರೆಯುವುದು ಸಾಧ್ಯವಾದರೆ ನಮ್ಮ ವಿಜ್ಞಾನ ಬರಹದ ದನಿಯೇ ಬದಲಾದೀತು.