ಯುದ್ಧ ಚಲನಚಿತ್ರ ಮತ್ತು ಚಾರಿತ್ರಿಕ ವಾಸ್ತವ

ಶ್ರೇಷ್ಠ ಯುದ್ಧ ಚಲನಚಿತ್ರ ಯಾವುದೆಂಬ ಚರ್ಚೆಯು ಬಹುತೇಕ ಸಂದರ್ಭಗಳಲ್ಲಿ ಬೇರೊಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇತಿಹಾಸಕ್ಕೆ ಹೆಚ್ಚು ನಿಷ್ಠವಾಗಿರುವ ಚಿತ್ರ ಯಾವುದು? ಈ ಎರಡು ಪ್ರಶ್ನೆಗಳು ಒಂದೇ ಅಲ್ಲ. ವಿಮರ್ಶೆಯಲ್ಲಿ ಇವು ಬೆರೆತುಹೋಗಲು ಮುಖ್ಯ ಕಾರಣ 'ವಾಸ್ತವತೆ' ಎಂಬ ಪದವನ್ನು ವಿಭಜಿಸಿ ನೋಡದಿರುವುದು. ಯುದ್ಧ ಚಿತ್ರದಲ್ಲಿ ವಾಸ್ತವತೆ ಕನಿಷ್ಠ ಮೂರು ನೆಲೆಗಳಲ್ಲಿದೆ. ಸಮವಸ್ತ್ರ, ಆಯುಧ, ಭೂಪ್ರದೇಶಗಳು ನೈಜವಾಗಿರುವುದು ಮೊದಲನೆಯದು. ಅದನ್ನು ವಸ್ತುಗಳ ವಾಸ್ತವ ಎನ್ನಬಹುದು. ಯಾರು, ಎಲ್ಲಿ, ಯಾವಾಗ ಏನು ಮಾಡಿದರು ಎಂಬ ಘಟನೆಯ ವಾಸ್ತವ ಎರಡನೆಯದು. ಯುದ್ಧಕ್ಕೆ ಸಿಕ್ಕಿದವರು ಅದನ್ನು ಹೇಗೆ ಅನುಭವಿಸಿದರು ಎಂಬುದು ಮೂರನೆಯದು. ಒಂದು ನೆಲೆಯಲ್ಲಿ ಗೆದ್ದ ಚಿತ್ರ ಮತ್ತೊಂದರಲ್ಲಿ ಸೋತಿರುವ ನಿದರ್ಶನಗಳು ಸಾಕಷ್ಟಿವೆ.

ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನದ 'ಸೇವಿಂಗ್ ಪ್ರೈವೇಟ್ ರಯಾನ್' (1998) ಇದಕ್ಕೆ ಸುಪರಿಚಿತ ಉದಾಹರಣೆ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕದ ಪಡೆಗಳು ಇಳಿದ ಸನ್ನಿವೇಶವನ್ನು ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಬಣ್ಣ ಕುಂದಿಸಿ, ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಸೆರೆಹಿಡಿದ ರೀತಿ ನಂತರದ ಯುದ್ಧ ಚಿತ್ರಗಳಿಗೆಲ್ಲ ಮಾದರಿಯಾಯಿತು. ಆರಂಭದ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳಲ್ಲಿ ವಸ್ತುಗಳ ವಾಸ್ತವವೂ ಅನುಭವದ ವಾಸ್ತವವೂ ಒಂದಾಗಿವೆ. ಆದರೆ ಚಿತ್ರದ ಅಂತಿಮ ಕಾಳಗ ನಡೆಯುವ ರಮೆಲ್ ಎಂಬ ಊರು ಕಾಲ್ಪನಿಕ. ಅದೇ ದಿನ ಬೇರೆ ತೀರಗಳಲ್ಲಿ ಇಳಿದ ಬ್ರಿಟಿಷ್ ಮತ್ತು ಕೆನಡಾ ಪಡೆಗಳು ಚಿತ್ರದಲ್ಲಿ ಕಾಣುವುದಿಲ್ಲ. ಮೊದಲ ದೃಶ್ಯಗಳ ತೀವ್ರತೆ ಪ್ರೇಕ್ಷಕನಲ್ಲಿ ಗಳಿಸಿದ ನಂಬಿಕೆಯನ್ನು ನಂತರದ ಕಟ್ಟುಕಥೆಯೂ ಬಳಸಿಕೊಳ್ಳುತ್ತದೆ. ವಿವರಗಳ ನಿಖರತೆ ಇಡೀ ಕಥನಕ್ಕೆ ಪ್ರಮಾಣಪತ್ರವಾಗಿಬಿಡುವ ಅಪಾಯ ಇಲ್ಲಿದೆ.

ಜಿಲ್ಲೋ ಪೊಂಟೆಕೋರ್ವೋ ಅವರ 'ದ ಬ್ಯಾಟಲ್ ಆಫ್ ಅಲ್ಜಿಯರ್ಸ್' (1966) ಬೇರೆ ದಾರಿಯನ್ನು ತುಳಿಯಿತು. ವಾರ್ತಾಚಿತ್ರವೆಂದೇ ಭ್ರಮೆ ಹುಟ್ಟಿಸುವ ಈ ಕಪ್ಪು-ಬಿಳುಪು ಚಿತ್ರದಲ್ಲಿ ನಿಜವಾದ ವಾರ್ತಾಚಿತ್ರದ ತುಣುಕುಗಳನ್ನು ಬಳಸಿಲ್ಲ. ಹೋರಾಟದ ನಾಯಕರಲ್ಲಿ ಒಬ್ಬರಾದ ಸಾದಿ ಯಾಸೆಫ್ ನಿರ್ಮಾಣದಲ್ಲಿ ಪಾಲ್ಗೊಂಡುದಲ್ಲದೆ ತಮ್ಮದೇ ಪಾತ್ರವನ್ನು ಹೋಲುವ ಪಾತ್ರದಲ್ಲಿ ನಟಿಸಿದರು. ಒಂದು ಪಕ್ಷದ ಸಹಭಾಗಿತ್ವದಲ್ಲಿ ಸಿದ್ಧವಾದ ಚಿತ್ರ ಪ್ರಚಾರವಾಗಿ ಮುಗಿಯಬಹುದಿತ್ತು. ಹಾಗಾಗದಿರಲು ಕಾರಣ, ಫ್ರೆಂಚ್ ಸೇನೆಯ ಚಿತ್ರಹಿಂಸೆಯನ್ನು ತೋರಿಸಿದ ಕ್ಯಾಮೆರಾವೇ ಹೋರಾಟಗಾರರ ಬಾಂಬಿಗೆ ಬಲಿಯಾಗಲಿರುವ ಸಾಮಾನ್ಯ ಜನರ ಮುಖಗಳ ಮೇಲೂ ತಂಗುತ್ತದೆ. ಆದರೂ ಅಲ್ಜೀರಿಯಾದ ಹೋರಾಟ ಸಂಘಟನೆಗಳ ನಡುವಿನ ರಕ್ತಪಾತದ ವಿಷಯದಲ್ಲಿ ಚಿತ್ರ ಮೌನವಾಗಿದೆ. ವೆನಿಸ್ ಉತ್ಸವದಲ್ಲಿ ಸ್ವರ್ಣಸಿಂಹ ಪಡೆದ ಈ ಕೃತಿಯ ಮಿತಿಯನ್ನು ಸೂಚಿಸುವುದು ಅದರ ಮಹತ್ವವನ್ನು ನಿರಾಕರಿಸಿದಂತಲ್ಲ.

ಎಲೆಮ್ ಕ್ಲಿಮೋವ್ ನಿರ್ದೇಶನದ 'ಕಮ್ ಅಂಡ್ ಸೀ' (1985) ಘಟನೆಯ ವಾಸ್ತವವನ್ನು ಅಕ್ಷರಶಃ ಪಾಲಿಸಲು ಹೊರಟ ಚಿತ್ರವೇ ಅಲ್ಲ. ಇದರಲ್ಲಿ ಸುಟ್ಟುಹೋಗುವ ಹಳ್ಳಿ ಕಾಲ್ಪನಿಕ. ಆದರೆ ಬೆಲಾರೂಸಿನಲ್ಲಿ 1943ರ ಮಾರ್ಚ್ 22ರಂದು ಖಾತಿನ್ ಗ್ರಾಮದ 149 ಜನರನ್ನು ಕೊಂದ ಘಟನೆಯಂಥವು ಈ ಕಲ್ಪನೆಯ ಹಿಂದಿವೆ. ಸಹಲೇಖಕ ಅಲೆಸ್ ಅದಮೋವಿಚ್ ಸ್ವತಃ ಹದಿಹರೆಯದಲ್ಲಿ ನಾಜಿ ವಿರೋಧಿ ಗೆರಿಲ್ಲಾ ಪಡೆಯಲ್ಲಿದ್ದವರು. ಅಂಥ ಹಳ್ಳಿಗಳಲ್ಲಿ ಬದುಕುಳಿದವರ ಸಾಕ್ಷ್ಯಗಳನ್ನು ಸಂಗ್ರಹಿಸಿದವರು. ಕಥಾನಾಯಕನಾದ ಬಾಲಕನ ಮುಖ ಕೆಲವೇ ದಿನಗಳಲ್ಲಿ ಮುದುಕನ ಮುಖವಾಗುವುದು ಭೌತಿಕವಾಗಿ ಅಸಂಭವ. ಆದರೆ ಸಾಕ್ಷ್ಯಗಳ ಒಟ್ಟು ಸತ್ಯ ಆ ಅಸಂಭವದಲ್ಲಿಯೇ ವ್ಯಕ್ತವಾಗಿದೆ.

ಹಾಗಾದರೆ ಕಲ್ಪನೆಗೆ ಮಿತಿಯೇ ಇಲ್ಲವೇ? ಭಾರತೀಯ ಸಂದರ್ಭದ ಎರಡು ಚಿತ್ರಗಳು ಈ ಪ್ರಶ್ನೆಯನ್ನು ಸ್ಪಷ್ಟಗೊಳಿಸುತ್ತವೆ. ಚೇತನ್ ಆನಂದ್ ಅವರ 'ಹಕೀಕತ್' (1964), 1962ರ ಚೀನಾ ಯುದ್ಧವನ್ನು ಎರಡೇ ವರ್ಷಗಳ ಅಂತರದಲ್ಲಿ ಲಡಾಖಿನ ಹಿನ್ನೆಲೆಯಲ್ಲಿ ಚಿತ್ರಿಸಿತು. ಸಿದ್ಧತೆಯ ಕೊರತೆಗೆ ಯಾರು ಹೊಣೆ ಎಂಬ ರಾಜಕೀಯ ಪ್ರಶ್ನೆಯನ್ನು ಅದು ಗಂಭೀರವಾಗಿ ಎತ್ತುವುದಿಲ್ಲ. ಆದರೂ ಸೋಲನ್ನು ಸೋಲೆಂದೇ ಒಪ್ಪಿಕೊಂಡಿತು. ಹಿಮದಲ್ಲಿ ಹಿಂದೆ ಸರಿಯುವ ಸೈನಿಕನ ದಣಿವನ್ನು ವಿಜಯವನ್ನಾಗಿ ಬದಲಿಸಲಿಲ್ಲ.

ಜೆ.ಪಿ. ದತ್ತಾ ಅವರ 'ಬಾರ್ಡರ್' (1997) 1971ರ ಡಿಸೆಂಬರ್ 4-5ರ ಲೋಂಗೇವಾಲಾ ಕಾಳಗವನ್ನು ಆಧರಿಸಿದೆ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಸಣ್ಣ ತುಕಡಿ ರಾತ್ರಿಯಿಡೀ ನೆಲೆ ಬಿಡದೆ ನಿಂತದ್ದು, ಬೆಳಕು ಹರಿದ ಮೇಲೆ ಹಂಟರ್ ವಿಮಾನಗಳು ಶತ್ರು ಟ್ಯಾಂಕುಗಳನ್ನು ಧ್ವಂಸ ಮಾಡಿದ್ದು ಚಾರಿತ್ರಿಕ ಸತ್ಯ. ಅಲ್ಲಿ ಪ್ರಾಣತೆತ್ತ ಭಾರತೀಯ ಯೋಧರ ಸಂಖ್ಯೆ ಬೆರಳೆಣಿಕೆಯಷ್ಟು. ಚಿತ್ರದಲ್ಲಾದರೋ ಪ್ರಮುಖ ಪಾತ್ರಗಳು ಒಂದರ ನಂತರ ಒಂದು ಹುತಾತ್ಮರಾಗುತ್ತವೆ. ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಅವರ ಹೆಸರಿನ ಪಾತ್ರವೂ ತೆರೆಯ ಮೇಲೆ ಮಡಿಯುತ್ತದೆ. ಲೋಂಗೇವಾಲಾದ ಸಾಹಸಕ್ಕಾಗಿ ಸೇನಾ ಪದಕ ಪಡೆದ ಭೈರೋನ್ ಸಿಂಗ್ ರಾಠೋಡ್ ನಿಧನರಾದದ್ದು 2022ರ ಡಿಸೆಂಬರಿನಲ್ಲಿ. ಅಂದರೆ ತನ್ನ ವೀರಮರಣವನ್ನು ದೇಶವೆಲ್ಲ ನೋಡಿ ಕಣ್ಣೀರಿಟ್ಟ ಬಳಿಕ ಒಬ್ಬ ಯೋಧ ಇಪ್ಪತ್ತೈದು ವರ್ಷ ಬದುಕಿದ್ದರು. ಕಡಿಮೆ ಪ್ರಾಣಹಾನಿಯಲ್ಲಿ ನೆಲೆಯನ್ನು ಉಳಿಸಿಕೊಂಡದ್ದೇ ಆ ಕಾಳಗದ ನಿಜವಾದ ಸಾಧನೆ. ಸಾವಿಲ್ಲದೆ ಶೌರ್ಯವಿಲ್ಲ ಎಂಬ ಜನಪ್ರಿಯ ಸೂತ್ರಕ್ಕೆ ಚಿತ್ರ ಆ ಸಾಧನೆಯನ್ನೇ ಬಲಿಕೊಟ್ಟಿತು.

ಕ್ಲಿಮೋವ್ ಮತ್ತು ದತ್ತಾ ಇಬ್ಬರೂ ಕಲ್ಪನೆಯನ್ನು ಬೆರೆಸಿದ್ದಾರೆ. ಮೊದಲನೆಯವರ ಕಲ್ಪನೆ ಘಟನೆಯ ಅರ್ಥವನ್ನು ಗಾಢಗೊಳಿಸಿತು. ಎರಡನೆಯವರದು ಅದನ್ನು ತಿರುಗಿಸಿತು. ಚಿತ್ರವೊಂದು ಬದಲಿಸಿದ ವಿವರಗಳೆಷ್ಟು ಎಂಬ ಲೆಕ್ಕಕ್ಕಿಂತ ಆ ಬದಲಾವಣೆಯಿಂದ ಯಾರ ಸಾಧನೆ, ಯಾರ ನೋವು ಮರೆಯಾಯಿತು ಎಂಬ ಪ್ರಶ್ನೆ ಮುಖ್ಯವಾಗಬೇಕು.

ಕನ್ನಡದಲ್ಲಿ ಯುದ್ಧ ಚಿತ್ರಗಳ ಪರಂಪರೆ ವಿಸ್ತಾರವಾಗಿ ಬೆಳೆದಿಲ್ಲ. ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ 'ಮುತ್ತಿನ ಹಾರ' (1990) ಇಲ್ಲಿ ವಿಶಿಷ್ಟವಾಗಿ ನಿಲ್ಲುತ್ತದೆ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯರಂಥವರನ್ನು ನೀಡಿದ ಕೊಡಗಿನ ಸೈನಿಕ ಪರಂಪರೆಯನ್ನು ಅದು ಒಬ್ಬ ಯೋಧನ ಸಂಸಾರದ ಮೂಲಕ ನೋಡುತ್ತದೆ. ಕದನದ ದೃಶ್ಯಗಳಲ್ಲಿ ಹುಡುಕುವ ನಿಖರತೆ ಅದರ ಬಲವಲ್ಲ; ಯುದ್ಧದ ಲೆಕ್ಕ ರಣರಂಗದಲ್ಲಿ ಮುಗಿಯದೆ ಮನೆಯಂಗಳದವರೆಗೂ ಬರುತ್ತದೆ ಎಂಬ ಅರಿವು ಅದರ ಬಲ.

ಯುದ್ಧವನ್ನು ಕಂಡವರ ತಲೆಮಾರು ಮರೆಯಾದಂತೆ ಅವರ ಜಾಗದಲ್ಲಿ ಸಾಕ್ಷಿಯಾಗಿ ಉಳಿಯುವುದು ಹೆಚ್ಚಾಗಿ ಚಲನಚಿತ್ರವೇ. ಆದ್ದರಿಂದ ಶ್ರೇಷ್ಠತೆಯ ಪಟ್ಟಿಗಳನ್ನು ಸಿದ್ಧಪಡಿಸುವುದಕ್ಕಿಂತ, ಪ್ರತಿ ಚಿತ್ರವನ್ನೂ ದಾಖಲೆ ಹಾಗೂ ಬದುಕುಳಿದವರ ಮಾತುಗಳ ಜೊತೆಗಿಟ್ಟು ಓದುವುದು ಸಂಶೋಧನೆಯ ಮುಂದಿರುವ ಕೆಲಸ. ಸತ್ತವರಿಗೆ ಸಲ್ಲಬೇಕಾದ ನ್ಯಾಯ ಬದುಕುಳಿದವರಿಗೂ ಸಲ್ಲಬೇಕು.